ಮಂತ್ರಿಪದವಿಯನ್ನು ತೊರೆದ ಯಶೋಧರಮ್ಮನವರು

ಈ ವರ್ಷದ ಯುಗಾದಿ ಸಂಚಿಕೆಗೆ ನಮ್ಮ ಮಕ್ಕಳು ಓದತಕ್ಕಂಥ ಲೇಖನವೊಂದನ್ನು ಬರೆದುಕೊಡಬೇಕೆಂದು ಕನ್ನಡ ಕೂಟದ ಕಾರ್ಯಕರ್ತರು ಮೇಲಿಂದ ಮೇಲೆ ಕೇಳಿಕೊಂಡಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಶ್ರೀಮತಿ ಯಶೋಧರಾ ದಾಸಪ್ಪನವರ ಹೆಸರು. ಅಮೆರಿಕದ ಮಂತ್ರಿಮಂಡಲವನ್ನು ಪ್ರಥಮವಾಗಿ ಪ್ರವೇಶಿಸಿದ ಮಹಿಳೆ ಫ್ರಾನ್ಸಿಸ್ ಪರ್ಕಿನ್ಸ್ ಎಂಬುದನ್ನೂ, ಆಕೆ 1933ರಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿಕೊಂಡರೆಂಬುದನ್ನೂ ಇಲ್ಲಿಯ ಶಾಲೆಗಳಲ್ಲಿ ಕಲಿತು ಬಂದು ನಮ್ಮ ಹೆಣ್ಣುಮಕ್ಕಳು ನಮಗೇ ಹೇಳಿಕೊಡುತ್ತಾರೆ. ಸಂತೋಷದ ಮಾತೇ ಸರಿ. ಆದರೆ ತಮ್ಮ ಅಜ್ಜಿಯರ ನಾಡಿನಲ್ಲಿ ಮಂತ್ರಿಯಾಗಿದ್ದು, ಕೊಟ್ಟ ಮಾತಿಗೆ ಸರ್ಕಾರವೇ ತಪ್ಪಿತೆಂದು ಕಂಡಾಗ ಆ ಪದವಿಯನ್ನು ಬಿಟ್ಟು ಹೊರಬಂದ ಹೆಣ್ಣುಮಗಳೊಬ್ಬರು ಇದ್ದರೆಂಬುದು ಅವರಿಗೂ ತಿಳಿಯದು, ಅವರ ತಂದೆತಾಯಿಗಳಿಗೂ ತಿಳಿಯದು. ಈ ಸಂಕಟವೇ ನನ್ನ ಕೈಯಲ್ಲಿ ಲೇಖನಿಯನ್ನು ಹಿಡಿಸಿದೆ.

ಯಶೋಧರಮ್ಮನವರು ಹುಟ್ಟಿದ್ದು 1905ನೆಯ ಇಸವಿ ಮೇ 28ರಂದು, ಬೆಂಗಳೂರಿನಲ್ಲಿ. ತಂದೆ ಕೆ. ಎಚ್. ರಾಮಯ್ಯನವರು ಸಮಾಜಸೇವೆಗೆ ಹೆಸರಾದವರು, ಅನುಕೂಲಸ್ಥರು. ಹೆಣ್ಣುಮಕ್ಕಳಿಗೆ ಓದೇತಕ್ಕೆ ಎನ್ನುತ್ತಿದ್ದ ಆ ಕಾಲದಲ್ಲಿ ಅವರು ಮಗಳನ್ನು ಬೆಂಗಳೂರಿನ ಲಂಡನ್ ಮಿಷನ್ ಶಾಲೆಯಲ್ಲಿಯೂ ಅನಂತರ ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿಯೂ ಓದಿಸಿದರು. ಕೈಹಿಡಿದ ಎಚ್. ಸಿ. ದಾಸಪ್ಪನವರು ವಕೀಲರು, ಮೈಸೂರು ಕಾಂಗ್ರೆಸ್ಸಿನ ಮುಂದಾಳುಗಳು. ಮುಂದೆ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾಗಿ 1963ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಗಳಾದರು. ಸಿರಿತನದಲ್ಲಿ ಬೆಳೆದ ಆಕೆ ಗಾಂಧೀಜಿಯವರ ಮಾರ್ಗವನ್ನು ಹಿಡಿದಮೇಲೆ ಖಾದಿಯನ್ನುಟ್ಟು, ಪೋಲೀಸರ ಕಣ್ಣು ತಪ್ಪಿಸಿ ಬರುವ ಚಳವಳಿಗಾರರಿಗೆ ತಮ್ಮ ಮನೆಯ ಬಾಗಿಲನ್ನು ತೆರೆದಿಟ್ಟರು.

ವಿದುರಾಶ್ವತ್ಥದ ಹೆಸರನ್ನು ಇಲ್ಲಿ ಹೇಳಲೇಬೇಕು. ಯಲಹಂಕದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮೇಲೆ ಹಿಂದೂಪುರಕ್ಕೆ ಹೋಗುವ ರೈಲುದಾರಿಯಲ್ಲಿ ಸಿಗುವ ಈ ಕ್ಷೇತ್ರದಲ್ಲಿ, ಮಹಾಭಾರತದ ವಿದುರನೇ ನೆಟ್ಟನೆಂದು ಜನ ನಂಬಿದ್ದ ಅಶ್ವತ್ಥವೃಕ್ಷವೂ ಅದರ ಸುತ್ತ ಹರಕೆ ಹೊತ್ತವರು ಸ್ಥಾಪಿಸಿದ ಅಸಂಖ್ಯಾತ ನಾಗರಕಲ್ಲುಗಳೂ ಪ್ರಸಿದ್ಧವಾಗಿದ್ದವು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ತ್ರಿವರ್ಣಧ್ವಜವನ್ನು ಹಾರಿಸಿದ ಸತ್ಯಾಗ್ರಹಿಗಳು ಬಂಧಿತರಾದ ಕೆಲವೇ ದಿನಗಳಲ್ಲಿ, ಅದೇ ತಿಂಗಳ 25ರಂದು, ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ನೆರೆದಿದ್ದ ಜನಸ್ತೋಮದ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಮಿಕ್ಕಿ ಜನ ಪ್ರಾಣ ತೆತ್ತರೆಂದು ಆ ಸೀಮೆಯವರು ಇಂದಿಗೂ ಹೇಳುತ್ತಾರೆ.

ನಮ್ಮ ಅಜ್ಜಿ ಗೌರಿಬಿದನೂರಿನ ಕಡೆಯವರು. ಯಲಹಂಕಕ್ಕೆ ಮದುವೆಯಾಗಿ ಬಂದವರು. ಆ ವರ್ಷ ಬಸುರಿಯಾಗಿದ್ದುದರಿಂದ ತವರಿನ ಕಡೆಯ ಜಾತ್ರೆಗೆ ಹೋಗಲಾಗಲಿಲ್ಲ; ಅವರ ಅಣ್ಣ ಹೋಗಿದ್ದರು. ಮಾರನೆಯ ದಿನ ಅಣ್ಣ ಯಲಹಂಕದ ಮನೆಯ ಜಗಲಿಯ ಮೇಲೆ ಬಂದು ಕುಳಿತರಂತೆ. ಕೇಳಿದ್ದಕ್ಕೆ ಉತ್ತರವಿಲ್ಲ, ಕೊಟ್ಟ ನೀರನ್ನು ಕುಡಿಯಲಿಲ್ಲ. ತಂಗಿಗೆಂದು ಜಾತ್ರೆಯಲ್ಲಿ ಕೊಂಡ ಪುರಿ ಬತ್ತಾಸು ಹೆಗಲವಸ್ತ್ರದ ಸೆರಗಿನಲ್ಲಿ ಹಾಗೆಯೇ ಗಂಟು ಕಟ್ಟಿತ್ತು. ಜನ ದಿಕ್ಕಾಪಾಲಾಗಿ ಓಡುವಾಗ ಬಿದ್ದೆದ್ದುದರಿಂದ ಬತ್ತಾಸೆಲ್ಲ ಪುಡಿಯಾಗಿ ಮಣ್ಣು ಬೆರೆತಿತ್ತು. ಅಜ್ಜಿ ಅದನ್ನು ಚೆಲ್ಲಲೂ ಇಲ್ಲ, ಯಾರಿಗೂ ತಿನ್ನಲು ಕೊಡಲೂ ಇಲ್ಲ. ದೇವರ ಗೂಡಿನಲ್ಲಿಟ್ಟು, ಇರುವೆ ಮುತ್ತಿದ ಮೇಲೆ ತುಳಸಿಯ ಬುಡಕ್ಕೆ ಹಾಕಿದರಂತೆ. ಮುಂದೆ ಸರ್ದಾರ್ ಪಟೇಲರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿ, ಸಂಸ್ಥಾನದ ಬಾವುಟದ ಜೊತೆಯಲ್ಲಿ ಕಾಂಗ್ರೆಸ್ಸಿನ ಬಾವುಟವೂ ಹಾರಬಹುದೆಂಬ ಒಪ್ಪಂದವಾಯಿತು. ಆ ದಿನಗಳ ಹೋರಾಟದಲ್ಲಿ ಮುಂದೆ ನಿಂತ ಸ್ತ್ರೀಯರ ಪೈಕಿ ಯಶೋಧರಮ್ಮನವರ ಹೆಸರನ್ನು ಅಜ್ಜಿ ಈ ಅಣ್ಣನ ಬಾಯಿಂದಲೇ ಕೇಳಿದ್ದು. ಅಂದಿನಿಂದ ಸ್ವಂತ ನೆಂಟರನ್ನು ಕುರಿತು ಆಡುವಂತೆಯೇ ‘ನಮ್ಮ ಯಶೋಧರಮ್ಮ’ ಎಂದು ಅವರ ಮಾತನ್ನಾಡುತ್ತಿದ್ದರು, ತಾವು ಒಂದು ದಿನವೂ ಆಕೆಯನ್ನು ಕಂಡವರಲ್ಲದಿದ್ದರೂ.

ಯಶೋಧರಮ್ಮನವರು ಕೂಡಿದ ಇನ್ನೊಂದು ಹೋರಾಟ ಅರಣ್ಯ ಸತ್ಯಾಗ್ರಹ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಹೆಂಡ ಇಳಿಸುವ ಈಚಲು ಮರಗಳನ್ನು ಕಡಿದು ಜನ ಸೆರೆಮನೆಗೆ ನಡೆದರು. ಹಾಗೆ ಸೆರೆಯಾದವರಲ್ಲಿ ತರುಣ ವಕೀಲರಾದ ಎಸ್. ನಿಜಲಿಂಗಪ್ಪನವರೂ ಒಬ್ಬರು. ಹೆಂಡದ ಮರಕ್ಕೆ ಕೊಡಲಿ ಹಾಕುವುದೂ ಸ್ವರಾಜ್ಯಕ್ಕಾಗಿ ಸೆರೆಗೆ ಹೋಗುವುದೂ ಆ ತಲೆಮಾರಿನವರಿಗೆ ಒಂದೇ ವ್ರತದ ಎರಡು ಅಂಗಗಳಾಗಿದ್ದವೆಂಬುದನ್ನು ಇಲ್ಲಿ ಗಮನಿಸಬೇಕು.

1944ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ ಕಸ್ತೂರಬಾ ಅವರ ಸ್ಮರಣಾರ್ಥವಾಗಿ, ಹಳ್ಳಿಯ ಹೆಂಗಸರ ಮತ್ತು ಮಕ್ಕಳ ಸೇವೆಗೆಂದು ಸ್ಥಾಪಿತವಾದ ರಾಷ್ಟ್ರೀಯ ಟ್ರಸ್ಟಿನ ಕೇಂದ್ರವೊಂದು ಅರಸೀಕೆರೆಯಲ್ಲಿ ನೆಲೆಗೊಂಡದ್ದು ಯಶೋಧರಮ್ಮನವರ ಪರಿಶ್ರಮದಿಂದ. ಗ್ರಾಮೀಣ ಸ್ತ್ರೀಯರಿಗೆ ತರಬೇತು ಕೊಟ್ಟು, ಅವರು ತಮ್ಮ ಕಾಲ ಮೇಲೆ ನಿಂತು ಊರಿನ ಸೇವೆಯನ್ನೂ ಮಾಡುವಂತೆ ಸಜ್ಜುಗೊಳಿಸುವ ಈ ಕೆಲಸವನ್ನು ಆಕೆಯ ಮಂತ್ರಿಪದವಿಗಿಂತಲೂ ದೊಡ್ಡದೆಂದು ನಾನು ಎಣಿಸುತ್ತೇನೆ.

ಮಂತ್ರಿಪದವಿ ಬಂದದ್ದು 1962ರಲ್ಲಿ. ಆ ವರ್ಷದ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತುದರಿಂದ ಎಸ್. ಆರ್. ಕಂಠಿಯವರು ಮಾರ್ಚಿಯಿಂದ ಜೂನ್‌ವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಆ ಸಂಪುಟದಲ್ಲಿ ಯಶೋಧರಮ್ಮನವರು ಸಮಾಜ ಕಲ್ಯಾಣದ ಹೊಣೆಯನ್ನು ಹೊತ್ತರು. ಮುಂದೆ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿಯೂ ಸ್ಥಾನ ಪಡೆದರು.

ಆಗ ರಾಜ್ಯದಲ್ಲಿ ಪಾನನಿರೋಧದ ಕಾನೂನು ಎಲ್ಲೆಡೆಯೂ ಒಂದೇ ತೆರನಾಗಿರಲಿಲ್ಲ. ಮುಂಬಯಿ, ಮದರಾಸು ಪ್ರಾಂತಗಳಿಂದ ಬಂದ ಜಿಲ್ಲೆಗಳಲ್ಲಿ ಅದು ಜಾರಿಯಲ್ಲಿತ್ತು, ಹೈದರಾಬಾದಿನಿಂದ ಬಂದವುಗಳಲ್ಲಿ ಇರಲಿಲ್ಲ. ಕಳ್ಳಭಟ್ಟಿಯನ್ನು ತಡೆಯುವುದು ದುಸ್ಸಾಧ್ಯವೆಂದೂ, ಬೊಕ್ಕಸಕ್ಕೆ ಅಬಕಾರಿಯ ಆದಾಯ ಅವಶ್ಯವೆಂದೂ ವಾದಗಳು ಪ್ರಬಲವಾಗಿ, 1960ರ ದಶಕದ ಉತ್ತರಾರ್ಧದಲ್ಲಿ ಸರ್ಕಾರವು ಪಾನನಿರೋಧವನ್ನು ತೆಗೆದುಹಾಕುವ ನಿರ್ಧಾರಕ್ಕೆ ಬಂದಿತು. ಒಂದು ಕಾಲದಲ್ಲಿ ಈಚಲು ಮರವನ್ನು ಕಡಿದು ಸೆರೆಗೆ ಹೋಗಿದ್ದ ನಾಯಕರೇ ಆ ಸರ್ಕಾರದ ಮುಖ್ಯರಾಗಿದ್ದರು. ಯಶೋಧರಮ್ಮನವರು ಆ ನಿರ್ಧಾರವನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ನಿಜಲಿಂಗಪ್ಪನವರ ಪ್ರಾಮಾಣಿಕತೆಯನ್ನು ನಾನು ಬಲ್ಲೆ, ಗೌರವಿಸುತ್ತೇನೆ. ರಾಜ್ಯಭಾರದ ಕಷ್ಟ ಹೊರಗಿನವರಿಗೆ ತಿಳಿಯದೆಂಬುದನ್ನೂ ಒಪ್ಪುತ್ತೇನೆ. ಆದರೂ ಸಂವಿಧಾನದ 47ನೆಯ ಅನುಚ್ಛೇದವು ಪಾನನಿರೋಧವನ್ನು ರಾಜ್ಯದ ಕರ್ತವ್ಯಗಳಲ್ಲಿ ಒಂದನ್ನಾಗಿ ಹೇಳಿರುವಾಗ, ಕುಡುಕನ ಮನೆಯ ಒಲೆ ಉರಿಯದಿರುವುದನ್ನು ಹತ್ತಿರದಿಂದ ನೋಡಿದ ಆ ತಾಯಿಯ ಪಕ್ಷವೇ ನ್ಯಾಯದ ಪಕ್ಷವಾಗಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ನಾವು ನೆಲೆಸಿರುವ ಈ ದೇಶದಲ್ಲಿಯೂ 1920ರಿಂದ ಪಾನನಿರೋಧವಿದ್ದು, ಪರ್ಕಿನ್ಸ್ ಮಂತ್ರಿಣಿಯಾದ ವರ್ಷದಲ್ಲಿಯೇ ಅದು ರದ್ದಾಯಿತೆಂಬುದನ್ನು ಮಕ್ಕಳು ತಿಳಿದಿರಬಹುದು. ಭಾರತ ಸರ್ಕಾರವು 1972ರಲ್ಲಿ ಯಶೋಧರಮ್ಮನವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1980ರಲ್ಲಿ ಅವರು ಕಾಲವಾದರು. 2007ರಲ್ಲಿ ಕರ್ನಾಟಕವು ಸಾರಾಯಿಯನ್ನು ಮಾತ್ರ ನಿಷೇಧಿಸಿತು. ಉಳಿದ ಮದ್ಯದ ಅಂಗಡಿಗಳು ಹಾಗೆಯೇ ಉಳಿದವು.

2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಬಡ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಚಿತ್ರದುರ್ಗದಲ್ಲಿ ನೆರೆದು, ಸುಮಾರು 200 ಕಿಲೋಮೀಟರ್ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸಿ ಬೆಂಗಳೂರಿಗೆ ಬಂದರು. ದಾರಿಯಲ್ಲಿ ಅವರಲ್ಲೊಬ್ಬಾಕೆ ಅಪಘಾತಕ್ಕೆ ಸಿಕ್ಕಿ ಅಸುನೀಗಿದರು, ಉಳಿದವರು ಹಿಂದಿರುಗಲಿಲ್ಲ. ಗಾಂಧೀಜಿಯವರು ಹುತಾತ್ಮರಾದ ಜನವರಿ 30ರಂದು ಅವರು ರಾಜಧಾನಿಯನ್ನು ಮುಟ್ಟಿ ಸರ್ಕಾರದ ಮುಂದಿಟ್ಟ ಬೇಡಿಕೆ ರಾಜ್ಯದಲ್ಲಿ ಸಂಪೂರ್ಣ ಮದ್ಯನಿಷೇಧವಾಗಬೇಕೆಂಬುದು. ಆ ಬೇಡಿಕೆ ಇನ್ನೂ ಈಡೇರಿಲ್ಲ.