ಬಿಡಾರಕ್ಕೆ ತಕ್ಕ ನೆಲ

ಅಮೆರಿಕದ ಪಶ್ಚಿಮ ಪ್ರಾಂತದಲ್ಲಿ, ಅಡಿಗೆಮನೆ, ಮಲಗುವ ಕೋಣೆ, ಸ್ನಾನಗೃಹಗಳನ್ನೆಲ್ಲ ಚಕ್ರಗಳ ಮೇಲೆ ಹೊತ್ತು ಸಾಗುವ ಆರ್.ವಿ. ಎಂಬ ವಸತಿವಾಹನವನ್ನೇರಿ, ಪ್ರಕೃತಿಯ ಯಾವುದೋ ಒಂದು ಮಹಾವೈಭವದ ದರ್ಶನಕ್ಕೆಂದು ಹೊರಡುವ ಗೃಹಸ್ಥನಿಗೆ ಮೊತ್ತಮೊದಲು ಎದುರಾಗುವುದು ರಾತ್ರಿ ಎಲ್ಲಿ ತಂಗಬೇಕೆಂಬ ಚಿಂತೆ. ಇಷ್ಟುದ್ದದ ವಾಹನವನ್ನು ಒಳಗೆ ಬಿಡುವರೆ, ವಿದ್ಯುತ್ತಿನ ಮತ್ತು ನೀರಿನ ಜೋಡಣೆಯುಂಟೆ, ನೆರಳುಂಟೆ, ಹೊಳೆ ಸಮೀಪವೆ, ಜಲಪಾತಕ್ಕೆ ನಡೆದೇ ಹೋಗಬಹುದೆ ಎಂದು ಅವನು ವಿಚಾರಿಸುತ್ತಾನೆ. ಕೇವಲ ಸೌಕರ್ಯಕ್ಕೆ ಸಂಬಂಧಿಸಿದುವೆಂದು ತೋರುವ ಈ ಪ್ರಶ್ನೆಗಳ ಹಿಂದೆ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಅದನ್ನು ಅರಿಯಲು ಕ್ಯಾಲಿಫೋರ್ನಿಯದ ಯೊಸೆಮಿಟಿ ಕಣಿವೆಗಿಂತ ತಕ್ಕ ಕ್ಷೇತ್ರ ದೊರೆಯುವುದು ದುರ್ಲಭ.

ಕಣಿವೆಯ ಉದ್ದ ಸುಮಾರು 7 ಮೈಲಿ, ಅಗಲ ಹೆಚ್ಚೆಂದರೆ ಒಂದು ಮೈಲಿ. ಒಂದು ಕಡೆ 3,000 ಅಡಿಗಳ ಎಲ್ ಕ್ಯಾಪಿಟನ್ ಬಂಡೆ, ಇನ್ನೊಂದು ಕಡೆ ಮೂರು ಹಂತಗಳಲ್ಲಿ 2,425 ಅಡಿ ಧುಮುಕುವ ಯೊಸೆಮಿಟಿ ಜಲಪಾತ, ಪೂರ್ವದ ತುದಿಯಲ್ಲಿ ಹಾಫ್ ಡೋಮ್ ಎಂಬ ಅರ್ಧಗೋಳಾಕಾರದ ಶಿಖರ. ಇವುಗಳ ಪಾದದಲ್ಲಿ ಮರ್ಸೆಡ್ ನದಿ ಹರಿದು ಉಳಿಸಿದಷ್ಟೇ ಸಮತಟ್ಟು ಭೂಮಿ. ಹುಲ್ಲುಗಾವಲಾಗಲಿ, ಮರದ ತೋಪಾಗಲಿ, ರಸ್ತೆಯಾಗಲಿ, ಬಿಡಾರವಾಗಲಿ ಈ ಅಲ್ಪಭೂಮಿಯಲ್ಲೇ ಎಡೆ ಕಂಡುಕೊಳ್ಳಬೇಕು. ಮೊದಲು ಇಲ್ಲಿ ನೆಲೆಸಿದ್ದವರು ಆವಾನೀಚಿ ಜನ. ಅವರು ಕಾಲಕಾಲಕ್ಕೆ ಹುಲ್ಲಿಗೆ ಬೆಂಕಿಯಿಟ್ಟು ಬಯಲನ್ನು ತೆರವಾಗಿರಿಸಿ, ಓಕ್ ಮರಗಳ ಕಾಯನ್ನು ಆಹಾರವಾಗಿ ಸಂಗ್ರಹಿಸುತ್ತಿದ್ದರು. 1851ರಲ್ಲಿ ಮಾರಿಪೋಸ ದಳವೆಂಬ ಸಶಸ್ತ್ರ ಪಡೆ ಅವರನ್ನು ಹೊರದೂಡಲು ಒಳನುಗ್ಗಿತು. ಹದಿಮೂರು ವರ್ಷಗಳ ತರುವಾಯ, 1864ರಲ್ಲಿ, ಅಧ್ಯಕ್ಷ ಲಿಂಕನ್ನನು ಕಣಿವೆಯನ್ನು ಸಾರ್ವಜನಿಕ ವಿಹಾರಕ್ಕೆಂದು ಕ್ಯಾಲಿಫೋರ್ನಿಯ ರಾಜ್ಯಕ್ಕೆ ಒಪ್ಪಿಸುವ ಶಾಸನಕ್ಕೆ ಅಂಕಿತ ಹಾಕಿದನು. ಬಂದವರೆಲ್ಲ ಮನಬಂದಲ್ಲಿ ಗುಡಾರ ಹೂಡಬಹುದಾದ ಬಯಲು ಒಂದು ಜನಾಂಗದ ಮನೆಯಂಗಳವಾಗಿತ್ತೆಂಬುದನ್ನು ಆರಂಭದಲ್ಲಿಯೇ ನೆನೆಯುವುದು ನ್ಯಾಯ.

ಕುದುರೆಗಾಡಿಯ ಕಾಲದಲ್ಲಿ ಸ್ಥಳದ ಆಯ್ಕೆ ಸಂಪೂರ್ಣವಾಗಿ ಪ್ರವಾಸಿಯ ಸ್ವಾತಂತ್ರ್ಯಕ್ಕೆ ಸೇರಿತ್ತು: ಕುದುರೆಗೆ ಹುಲ್ಲು, ಒಲೆಗೆ ಕಟ್ಟಿಗೆ, ಕೈಗೆ ನಿಲುಕುವ ನೀರು, ಕಣ್ಣಿಗೆ ಒಪ್ಪುವ ನೋಟ. ಇವು ಒದಗಿದೆಡೆಯೇ ಬಿಡಾರ. 1899ರಲ್ಲಿ ಡೇವಿಡ್ ಮತ್ತು ಜೆನ್ನಿ ಕರ್ರಿ ಎಂಬ ಉಪಾಧ್ಯಾಯ ದಂಪತಿಗಳು ಕೆಲವೇ ಗುಡಾರಗಳನ್ನು ಹೂಡಿ, ಹೋಟೆಲಿನ ದುಬಾರಿ ದರವನ್ನು ತೆರಲಾರದವರಿಗೆ ಊಟ ವಸತಿಗಳನ್ನು ಏರ್ಪಡಿಸಿದಾಗ ಸಿದ್ಧಬಿಡಾರದ ಪದ್ಧತಿಯೂ ಬೇರೂರಿತು.

ಮರುವರ್ಷವೇ, 1900ರಲ್ಲಿ, ಆಲಿವರ್ ಲಿಪಿನ್‌ಕಾಟ್ ಎಂಬ ಛಾಯಾಗ್ರಾಹಕನು ಉಗಿಯಿಂದ ನಡೆಯುವ ಲೋಕೊಮೊಬೈಲ್ ಗಾಡಿಯನ್ನು ಬೆಟ್ಟದ ಹಾದಿಗಳಲ್ಲಿ ಏರಿಸಿ ಇಳಿಸಿ ಕಣಿವೆಗೆ ತಂದನು; ಅಲ್ಲಿ ಕಾಣಿಸಿಕೊಂಡ ಮೊದಲ ಮೋಟಾರು ಅದು. ಕುದುರೆಗಳು ಬೆದರುತ್ತವೆಂದೂ ಇಕ್ಕಟ್ಟಿನ ದಾರಿಗಳು ಅಪಾಯಕರವೆಂದೂ 1907ರಲ್ಲಿ ಅಧಿಕಾರಿಗಳು ಮೋಟಾರನ್ನು ನಿಷೇಧಿಸಿದರು. ಬ್ರಿಟಿಷ್ ರಾಯಭಾರಿ ಜೇಮ್ಸ್ ಬ್ರೈಸ್ 1912ರ ತನ್ನ ಭಾಷಣದಲ್ಲಿ, ಈ ವಾಹನವನ್ನು ಏಡನ್ ತೋಟ ಹೊಕ್ಕ ಸರ್ಪಕ್ಕೆ ಹೋಲಿಸಿ, ಒಳಗೆ ಬಿಡಬಾರದೆಂದು ಬೋಧಿಸಿದನು. ಬೋಧೆ ಫಲಿಸಲಿಲ್ಲ. 1913ರಲ್ಲಿ ನಿಷೇಧ ಸಡಿಲಿತು. 1916ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಉದ್ಯಾನ ಸೇವೆಯ ಮೊದಲ ನಿರ್ದೇಶಕ ಸ್ಟೀಫನ್ ಮೇಥರನಂತೂ, ಉದ್ಯಾನಗಳಿಗೆ ಜನಬೆಂಬಲ ದೊರೆಯಬೇಕಾದರೆ ಜನ ಬರಬೇಕು, ಜನ ಬರಬೇಕಾದರೆ ಮೋಟಾರಿಗೆ ದಾರಿ ತೆರೆಯಬೇಕು ಎಂದು ನಂಬಿದವನು. 1926ರಲ್ಲಿ ಮರ್ಸೆಡ್ ನದಿಯ ದಂಡೆಗುಂಟ ಸರ್ವಋತು ಹೆದ್ದಾರಿ ತೆರೆಯಿತು. 1925ರಲ್ಲಿ ಎರಡು ಲಕ್ಷದ ಆಸುಪಾಸಿನಲ್ಲಿದ್ದ ಯಾತ್ರಿಕರ ಸಂಖ್ಯೆ 1927ರಲ್ಲಿ ಐದು ಲಕ್ಷವನ್ನು ಸಮೀಪಿಸಿತು.

ಆ ಲಕ್ಷಗಳ ಜನ ಕುದುರೆಗಾಡಿಯ ಕಾಲದ ಸ್ವಾತಂತ್ರ್ಯವನ್ನೇ ಮೋಟಾರಿನಲ್ಲಿಯೂ ಚಲಾಯಿಸಿದರು. ಚೆಲುವಾದ ಮರವನ್ನು ಕಂಡಲ್ಲಿ ಅದರ ಬುಡದವರೆಗೂ ಗಾಡಿಯನ್ನು ನುಗ್ಗಿಸಿ, ಕೊಂಬೆಗೆ ಗುಡಾರದ ಹಗ್ಗ ಬಿಗಿದು, ಬೇರಿನ ಪಕ್ಕದಲ್ಲಿ ಬೆಂಕಿ ಹೊತ್ತಿಸಿದರು. ಇದರ ಪರಿಣಾಮವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವನು ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗವಿಜ್ಞಾನಿ. 1920ರ ದಶಕದ ಉತ್ತರಾರ್ಧದಲ್ಲಿ ಆತನು ಕ್ಯಾಲಿಫೋರ್ನಿಯದ ಸಿಕ್ವೋಯ, ರೆಡ್‌ವುಡ್ ವನಗಳನ್ನು ಪರಿಶೀಲಿಸಿ ಕಂಡುಕೊಂಡುದೇನೆಂದರೆ, ಕಾಲುಗಳಿಂದಲೂ ಗಾಲಿಗಳಿಂದಲೂ ತುಳಿದು ಒಕ್ಕಣೆಯ ಕಣದಂತೆ ಗಟ್ಟಿಯಾದ ಮಣ್ಣಿನೊಳಗೆ ನೀರೂ ಗಾಳಿಯೂ ಇಳಿಯಲಾರವು. ನೆಲದ ಮೇಲ್ಪದರದಲ್ಲಿ ಹರಡಿದ ಹೀರುಬೇರುಗಳು ಸೊರಗುತ್ತವೆ. ಸಾವಿರ ವರ್ಷ ಬಾಳಿದ ವೃಕ್ಷವೂ ಹೊರಗೆ ಯಾವ ಗಾಯವನ್ನೂ ತೋರದೆ ಕ್ಷಯಿಸತೊಡಗುತ್ತದೆ. ನೆರಳನ್ನರಸಿ ಬಂದವನೇ ನೆರಳನ್ನು ಕೊಲ್ಲುವನು. ನೆರಳು ಸತ್ತ ಮೇಲೆ ಮುಂದಿನ ತೋಪಿಗೆ ತೆರಳುವನು.

ಮೈನೆಕೆ ಜನರನ್ನು ಹೊರಗಿಡಲು ಹೇಳಲಿಲ್ಲ. 1930ರ ದಶಕದ ಆದಿಯಲ್ಲಿ ಅರಣ್ಯ ಇಲಾಖೆಗೆ ಅವನು ರೂಪಿಸಿಕೊಟ್ಟ ಯೋಜನೆ ಸರಳವೂ ಚತುರವೂ ಆಗಿತ್ತು. ತೋಪಿನ ನಡುವೆ ಒಮ್ಮುಖ ಸಂಚಾರದ ಕಿರಿದಾದ ಬಳಸುದಾರಿ. ಅದರಿಂದ ಓರೆಯಾಗಿ ಕವಲೊಡೆದ ಪುಟ್ಟ ನಿಲುಗಡೆಗಳು, ಒಂದೊಂದು ಸಂಸಾರಕ್ಕೆ ಒಂದೊಂದು. ಗಾಡಿ ಅಲ್ಲಿಂದಾಚೆ ಉರುಳದಂತೆ ಅಂಚಿನಲ್ಲಿ ಹೂತ ಬಂಡೆ ಅಥವಾ ಮರದ ದಿಮ್ಮಿ. ಕದಲಿಸಲಾಗದ ಮೇಜು, ಕದಲಿಸಲಾಗದ ಒಲೆ. ಮೇಜು ಸ್ಥಿರವಾದರೆ ಮನುಷ್ಯನ ನಡೆದಾಟವೂ ಸ್ಥಿರವಾಗುತ್ತದೆ, ತುಳಿತಕ್ಕೆ ಸಿಕ್ಕುವುದು ಗುರುತು ಮಾಡಿದ ಅಷ್ಟೇ ನೆಲ, ಉಳಿದದ್ದು ಬೇರುಗಳಿಗೆ ಮೀಸಲು ಎಂಬುದು ಇದರ ಒಳತತ್ತ್ವ. 1933ರಲ್ಲಿ ಆರ್ಥಿಕ ಮುಗ್ಗಟ್ಟಿನ ನಡುವೆ ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ತರುಣರಿಗಾಗಿ ಸ್ಥಾಪಿಸಿದ ಸಂರಕ್ಷಣಾ ದಳವು ಈ ಮಾದರಿಯನ್ನು ದೇಶದ ಉದ್ಯಾನಗಳಲ್ಲಿಯೂ ಅರಣ್ಯಗಳಲ್ಲಿಯೂ ನಿರ್ಮಿಸಿತು. ಇಂದು ಯಾವ ಸರಕಾರಿ ಬಿಡಾರದ ತಾಣವನ್ನು ಹೊಕ್ಕರೂ ಕಾಣುವ ಸುತ್ತುದಾರಿ, ಸಂಖ್ಯೆ ಬರೆದ ಗೂಟ, ನೆಲಕ್ಕೆ ಬಿಗಿದ ಮೇಜುಗಳ ಕ್ರಮಕ್ಕೆ ಮೂಲಪುರುಷನು ಈ ವೃಕ್ಷವೈದ್ಯನೇ.

ಗಾಡಿಗಳು ಮಾತ್ರ ಬೆಳೆಯುತ್ತಲೇ ಹೋದುವು. 1936ರಲ್ಲಿ ಏರ್‌ಸ್ಟ್ರೀಮ್ ಸಂಸ್ಥೆಯ ಅಲ್ಯುಮಿನಿಯಂ ಎಳೆವಾಹನ ಬಂದಿತು. 1966ರಲ್ಲಿ ಅಯೋವದ ವಿನ್ನೆಬೇಗೊ ಸಂಸ್ಥೆ ಎಂಜಿನ್ನೂ ಮನೆಯೂ ಒಂದೇ ಆದ ವಾಹನವನ್ನು ಮಧ್ಯಮ ವರ್ಗದ ಕೈಗೆಟುಕುವಂತೆ ತಯಾರಿಸತೊಡಗಿತು. ಮೈನೆಕೆಯ ಕಾಲದ ಕಾರಿಗೆಂದು ಕಡಿದ ನಿಲುಗಡೆಯನ್ನು ಈ ದೀರ್ಘಕಾಯಗಳು ಹೊಗಲಾರವು, ಹೊಕ್ಕರೆ ತಿರುಗಲಾರವು. ವಾಹನದ ಉದ್ದವನ್ನು ಮೊದಲು ಕೇಳುವ ವಾಡಿಕೆಗೆ ಇದೇ ಕಾರಣ. ಈ ಕೊರತೆಯನ್ನು ವ್ಯಾಪಾರಿಗಳು ಅದಾಗಲೇ ಕಂಡಿದ್ದರು: 1962ರಲ್ಲಿ ಮೊಂಟಾನದ ಬಿಲಿಂಗ್ಸ್ ಪಟ್ಟಣದ ವರ್ತಕ ಡೇವ್ ಡ್ರಮ್, ಸಿಯಾಟಲ್ ನಗರದ ವಿಶ್ವಮೇಳಕ್ಕೆ ಹೋಗುವವರು ತನ್ನ ಹೊಳೆದಂಡೆಯ ಜಮೀನಿನಲ್ಲಿ ಇಳಿದುಕೊಳ್ಳುವುದನ್ನು ಗಮನಿಸಿ, ಬಿಸಿನೀರಿನ ಸ್ನಾನ, ಶೌಚಾಲಯ, ಅಂಗಡಿಗಳ ಸಹಿತ ರಾತ್ರಿಗೆ 1.75 ಡಾಲರಿನಂತೆ ತಾಣ ತೆರೆದನು, ಕೆ.ಓ.ಎ. ಎಂಬ ಹೆಸರಿನ ಪ್ರಸಿದ್ಧ ತಂಗುದಾಣಗಳ ಸರಣಿ ಹುಟ್ಟಿದ್ದು ಹೀಗೆ. ಅಂದಿನಿಂದ ಆಯ್ಕೆ ಎರಡು ಕವಲಾಯಿತು: ವೈಭವದ ಮಗ್ಗುಲಲ್ಲಿ ಸೌಕರ್ಯವಿಲ್ಲದ ಸರಕಾರಿ ತಾಣ, ಇಲ್ಲವೆ ದೂರದಲ್ಲಿ ಸಕಲ ಸೌಕರ್ಯದ ಖಾಸಗಿ ತಾಣ. ಯೊಸೆಮಿಟಿ ಉದ್ಯಾನದ ಬಿಡಾರಗಳಲ್ಲಿ ಈಗಲೂ ವಿದ್ಯುತ್ತಿನ ಜೋಡಣೆಯಿಲ್ಲ.

ಇನ್ನೆರಡು ಘಟನೆಗಳು ಕಣಿವೆಯ ಇಂದಿನ ರೂಪವನ್ನು ನಿರ್ಣಯಿಸಿದುವು. 1970ರ ಜುಲೈ 4ರಂದು ಸ್ಟೋನ್‌ಮನ್ ಹುಲ್ಲುಗಾವಲಿನಲ್ಲಿ ನೆರೆದ ತರುಣರಿಗೂ ಕುದುರೆಯೇರಿದ ಉದ್ಯಾನರಕ್ಷಕರಿಗೂ ಘರ್ಷಣೆ ನಡೆಯಿತು. ಅದೇ ವರ್ಷ ಕಣಿವೆಯ ಪೂರ್ವಭಾಗದ ಕೆಲವು ದಾರಿಗಳನ್ನು ಕಾರುಗಳಿಗೆ ಮುಚ್ಚಿ ಉಚಿತ ಬಸ್ಸುಗಳನ್ನು ಓಡಿಸಿದರು. 1997ರ ಜನವರಿಯಲ್ಲಿ ಬೆಚ್ಚನೆಯ ಮಳೆಯಿಂದ ಹಿಮ ಕರಗಿ, ಮರ್ಸೆಡ್ ನದಿ ಉಕ್ಕಿ, ದಂಡೆಯ ಮೇಲಣ ಎರಡು ಜನಪ್ರಿಯ ತಾಣಗಳಾದ ಅಪ್ಪರ್ ರಿವರ್, ಲೋವರ್ ರಿವರ್ ಬಿಡಾರಗಳನ್ನು ಹಾಳುಗೆಡವಿತು. ಹಲವು ತಲೆಮಾರಿನ ಕುಟುಂಬಗಳು ಬೇಸಗೆ ಕಳೆದಿದ್ದ ಆ ನೆಲವನ್ನು ಮತ್ತೆ ಬಿಡಾರಕ್ಕೆ ತೆರೆಯಲಿಲ್ಲ.

ಉಳಿದ ಪೈನ್ ಹೆಸರಿನ ತಾಣಗಳಿಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲ ಕನ್ನಡಿಗರೂ ಸೇರಿದಂತೆ ಜನರು ತಿಂಗಳುಗಳ ಮೊದಲೇ ಸ್ಪರ್ಧಿಸಬೇಕಾಗಿದೆ. ಕುದುರೆಗಾಡಿಯವನು ಸಂಜೆ ಮಾಡುತ್ತಿದ್ದ ಆಯ್ಕೆಯನ್ನು ಇಂದಿನವನು ಋತು ಬದಲಾಗುವ ಮುಂಚೆಯೇ ಮಾಡುತ್ತಾನೆ. ಇದನ್ನು ಕೇವಲ ನಷ್ಟವೆಂದು ಎಣಿಸುವವರು, ಮನಬಂದಲ್ಲಿ ಇಳಿಯುವ ಹಕ್ಕನ್ನು ಲಕ್ಷಾಂತರ ಜನ ಚಲಾಯಿಸಿದಾಗ ಮರದ ಬುಡಕ್ಕೆ ಒದಗಿದ ಗತಿಯನ್ನು ಮರೆತವರು. ದೊಡ್ಡ ವಾಹನವುಳ್ಳವನು ಮಾರಿಪೋಸ ಅಥವಾ ಗ್ರೋವ್‌ಲ್ಯಾಂಡ್ ಊರಿನ ಕಡೆ ಅದನ್ನು ನಿಲ್ಲಿಸಿ, ಸಾರ್ವಜನಿಕ ಬಸ್ಸಿನಲ್ಲಿ ಕಣಿವೆಗೆ ಬಂದರೆ ಜಲಪಾತದ ಎತ್ತರದಲ್ಲಿ ಒಂದಡಿಯೂ ಕಡಮೆಯಾಗದು. ಎಷ್ಟು ಹತ್ತಿರ ಇಳಿಯಬಹುದೆಂದು ಕೇಳುವ ಮುನ್ನ, ತಾನು ಇಳಿಯುವ ನೆಲ ಎಷ್ಟು ಭಾರವನ್ನು ತಾಳಬಲ್ಲುದೆಂದು ಕೇಳುವವನೇ ಬಿಡಾರವನ್ನು ಆರಿಸಬಲ್ಲವನೆಂದು ಈ ಕಣಿವೆಯ ಚರಿತ್ರೆಯಿಂದ ಧಾರಾಳವಾಗಿ ಹೇಳಬಹುದು.