ಗ್ಯಾಸ್ ಪಿಸ್ತೂಲಿನಿಂದ 100 ಮೀಟರ್ ದೂರದ ಮಂಗನಿಗೆ ಗುರಿ ಇಡಬಹುದೇ?

ತೆಂಗು, ಅಡಿಕೆ ಬೆಳೆಯುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೊ ಆಗಾಗ ಸುತ್ತುತ್ತಿರುತ್ತದೆ. ಕಪ್ಪು ಬಣ್ಣದ ಪಿಸ್ತೂಲು. ಪ್ರತಿ ಸಲ ಗುಂಡು ಹಾರಿದಾಗಲೂ ಅದರ ಮೇಲ್ಭಾಗ ‘ಟಕ್’ ಎಂದು ಹಿಂದಕ್ಕೆ ಜಾರಿ ಮುಂದಕ್ಕೆ ಬರುತ್ತದೆ. ನೋಡಲು ಪೊಲೀಸರ ಸೊಂಟದಲ್ಲಿರುವ ಪಿಸ್ತೂಲಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಜೊತೆಗಿನ ಬರಹದ ಸಾರಾಂಶ ಇಷ್ಟು: ಹೊಸ ಗ್ಯಾಸ್ ಗನ್, ಲೈಸೆನ್ಸ್ ಬೇಡ, 100 ಮೀಟರ್ ಗುರಿ, ಅಪಾಯವಿಲ್ಲ, ಮಂಗ ಮತ್ತೆ ತೋಟದ ಕಡೆ ತಲೆ ಹಾಕುವುದಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇದಕ್ಕೆ ಗಿರಾಕಿ ಸಿಗುವುದರಲ್ಲಿ ಆಶ್ಚರ್ಯವಿಲ್ಲ. ಎಳೆ ಬೊಂಡವನ್ನು ಮಂಗ ಕಿತ್ತು, ಅರ್ಧ ಕುಡಿದು, ಎಸೆದು ಹೋಗುವುದನ್ನು ದಿನವೂ ನೋಡುವವರಿಗೆ ಏನಾದರೂ ಒಂದು ಉಪಾಯ ಬೇಕು. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ಮನೆಯಲ್ಲಿದ್ದರೂ ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಇಟ್ಟು ಬರಬೇಕಾಗುತ್ತದೆ; ಕರಾವಳಿಯ ಕೃಷಿಕರ ಹಳೆಯ ದೂರು ಇದು. ಹಾಗಿರುವಾಗ ‘ಲೈಸೆನ್ಸ್ ಬೇಡ’ ಎಂಬ ಎರಡು ಪದ ಸಾಕು, ಸಂದೇಶ ಮುಂದಕ್ಕೆ ಹೋಗುತ್ತದೆ. ಆದರೆ ಆ ಬರಹದ ಒಂದೊಂದು ಮಾತನ್ನೂ ಬಿಡಿಸಿ ನೋಡಬೇಕು.

ಹೆಸರು ಒಂದು, ವಸ್ತು ಮೂರು

ನಮ್ಮಲ್ಲಿ ‘ಗ್ಯಾಸ್ ಗನ್’ ಎಂದರೆ ಮೂರು ಬೇರೆ ಬೇರೆ ವಸ್ತುಗಳು. ಗೊಂದಲದ ಬೇರು ಇಲ್ಲೇ ಇದೆ.

ವಿಡಿಯೊದಲ್ಲಿ ಕಾಣುವುದು ಏರ್‌ಸಾಫ್ಟ್ ಪಿಸ್ತೂಲು. 6 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗುಂಡನ್ನು ಹಾರಿಸುತ್ತದೆ. ಇದು 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಆಟದ ಸಾಧನ. ಅಲ್ಲಿ ಸಾಮಾನ್ಯರಿಗೆ ನಿಜವಾದ ಪಿಸ್ತೂಲು ಸಿಗುವುದಿಲ್ಲ. ಹಾಗಾಗಿ ನಿಜದಂತೆಯೇ ಕಾಣುವ ನಕಲಿಗೆ ಬೇಡಿಕೆ ಬಂತು. ಎರಡನೆಯದು ಏರ್‌ಗನ್. ಇದರಲ್ಲಿ ಸೀಸದ ಪೆಲೆಟ್ ಹಾಕುತ್ತಾರೆ, ಸಾಮಾನ್ಯವಾಗಿ 4.5 ಮಿಲಿಮೀಟರ್‌ನದು. ಮೂರನೆಯದು ಪಿವಿಸಿ ಪೈಪಿನಲ್ಲಿ ಕಾರ್ಬೈಡ್ ಮತ್ತು ನೀರು ಹಾಕಿ ಸದ್ದು ಮಾಡುವ ಸಾಧನ. ಅದರಲ್ಲಿ ಗುಂಡೇ ಇಲ್ಲ, ಕಾರ್ಬೈಡಿನಿಂದ ಹುಟ್ಟುವ ಅಸಿಟಿಲೀನ್ ಅನಿಲ ಹೊತ್ತಿಕೊಂಡು ಗರ್ನಾಲಿನಂತೆ ಸಿಡಿಯುತ್ತದೆ.

ಫಾರ್ವರ್ಡ್‌ಗಳು ಮೊದಲನೆಯದರ ಚಿತ್ರ ತೋರಿಸಿ, ಎರಡನೆಯದರ ಬಲವನ್ನೂ ಕಾನೂನನ್ನೂ ಹೇಳುತ್ತವೆ.

ಬಲದ ವ್ಯತ್ಯಾಸ ಎಷ್ಟು? ಏರ್‌ಸಾಫ್ಟ್ ಗುಂಡಿನ ತೂಕ ಹೆಚ್ಚಾಗಿ 0.20 ಅಥವಾ 0.25 ಗ್ರಾಂ. 0.20 ಗ್ರಾಂನ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೌಲ್. ಜಪಾನಿನ ಕಾನೂನು ಈ ಗಾತ್ರದ ಗುಂಡಿಗೆ ಇಟ್ಟಿರುವ ಮಿತಿ ಇದಕ್ಕೂ ಕೂದಲೆಳೆ ಕಡಿಮೆ. ಏರ್‌ಗನ್‌ನ ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ 10 ಜೌಲ್. ಹತ್ತು ಪಟ್ಟು.

ಒಳಗೆ ನಡೆಯುವುದು ಏನು?

ಬಿದಿರಿನ ಪೆಟ್ಲು ಆಡಿದವರಿಗೆ ಇದನ್ನು ಹೇಳುವುದು ಸುಲಭ. ಕೊಳವೆಯ ಎರಡು ತುದಿಯಲ್ಲಿ ಒಂದೊಂದು ಕಾಯಿ ಸಿಕ್ಕಿಸಿ, ಹಿಂದಿನದನ್ನು ಕೋಲಿನಿಂದ ತಳ್ಳಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿಯನ್ನು ‘ಪಟ್’ ಎಂದು ಹಾರಿಸುತ್ತದೆ. ಏರ್‌ಸಾಫ್ಟ್‌ನಲ್ಲಿ ಕೋಲಿನ ಕೆಲಸವನ್ನು ಮ್ಯಾಗಜೀನಿನಲ್ಲಿ ದ್ರವರೂಪದಲ್ಲಿ ತುಂಬಿದ ಅನಿಲ ಮಾಡುತ್ತದೆ. ‘ಗ್ರೀನ್ ಗ್ಯಾಸ್’ ಎಂದು ಮಾರುವುದು ಬಹುಮಟ್ಟಿಗೆ ಪ್ರೊಪೇನ್, ಜೊತೆಗೆ ಸ್ವಲ್ಪ ಸಿಲಿಕಾನ್ ಎಣ್ಣೆ. ಕೆಲವು ಮಾದರಿಗಳಲ್ಲಿ 12 ಗ್ರಾಂನ ಕಾರ್ಬನ್ ಡೈಆಕ್ಸೈಡ್ ಕ್ಯಾಪ್ಸೂಲ್ ಇರುತ್ತದೆ.

‘ಬ್ಲೋಬ್ಯಾಕ್’ ಎಂದರೆ ಅದೇ ಅನಿಲದಿಂದ ಎರಡನೆಯ ಕೆಲಸವನ್ನೂ ಮಾಡಿಸುವುದು. ಟ್ರಿಗರ್ ಎಳೆದಾಗ ಅನಿಲ ಮೊದಲು ಗುಂಡನ್ನು ನಳಿಗೆಯಲ್ಲಿ ತಳ್ಳುತ್ತದೆ. ನಂತರ ಒಳಗಿನ ಪುಟ್ಟ ಕವಾಟ ಜಾಗ ಬದಲಿಸಿ, ಉಳಿದ ಅನಿಲವನ್ನು ಹಿಂದಕ್ಕೆ ಬಿಡುತ್ತದೆ. ಆಗ ಸ್ಲೈಡ್ ಹಿಂದೆ ಸರಿದು ಹ್ಯಾಮರ್ ಅನ್ನು ಎಬ್ಬಿಸಿ ನಿಲ್ಲಿಸುತ್ತದೆ, ಮುಂದೆ ಬರುವಾಗ ಮುಂದಿನ ಗುಂಡನ್ನು ಎತ್ತಿಕೊಳ್ಳುತ್ತದೆ. ಒಳ್ಳೆಯ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಡಿಯೊದಲ್ಲಿ ನಮ್ಮನ್ನು ಮರುಳು ಮಾಡುವ ಆ ಜಾರಾಟಕ್ಕೂ ಗುರಿಗೂ ಸಂಬಂಧವಿಲ್ಲ. ಅದು ಕೈಗೆ ಸಿಗುವ ಅನುಭವಕ್ಕಾಗಿ ಮಾಡಿದ್ದು. ಗುಂಡಿಗೆ ಸೇರಬಹುದಾಗಿದ್ದ ಅನಿಲದ ಒಂದು ಪಾಲು ಅದರಲ್ಲೇ ಖರ್ಚಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ 10 ಮೀಟರ್ ಸ್ಪರ್ಧೆಯ ಏರ್ ಪಿಸ್ತೂಲುಗಳನ್ನು ನೋಡಿ. ಅವುಗಳಲ್ಲಿ ಸ್ಲೈಡ್ ಜಾರುವುದಿಲ್ಲ. ಕೈ ಆದಷ್ಟೂ ಅಲುಗಬಾರದು ಎಂಬುದೇ ಅವುಗಳ ವಿನ್ಯಾಸದ ಗುರಿ.

ಇನ್ನು ನಮ್ಮ ಹವೆ. ದ್ರವ ಪ್ರೊಪೇನಿನ ಒತ್ತಡ ಬಿಸಿಯನ್ನು ಅನುಸರಿಸುತ್ತದೆ. 20 ಡಿಗ್ರಿಯಲ್ಲಿ ಅದು ವಾತಾವರಣದ ಒತ್ತಡದ ಸುಮಾರು 8 ಪಟ್ಟು. ನಮ್ಮ ಏಪ್ರಿಲ್ ಸೆಕೆಯ 35 ಡಿಗ್ರಿಯಲ್ಲಿ ಸುಮಾರು 12 ಪಟ್ಟು. ಹಾಗಾಗಿ ಬೆಳಿಗ್ಗೆ ಒಂದು ವೇಗ, ಮಧ್ಯಾಹ್ನ ಇನ್ನೊಂದು ವೇಗ. ಒಂದರ ಹಿಂದೆ ಒಂದು ಗುಂಡು ಬಿಟ್ಟರೆ ಅನಿಲ ಆವಿಯಾಗುತ್ತಾ ಮ್ಯಾಗಜೀನ್ ತಣ್ಣಗಾಗಿ, ಹತ್ತನೆಯ ಗುಂಡು ಮೊದಲನೆಯದಕ್ಕಿಂತ ನಿಧಾನ ಹೋಗುತ್ತದೆ. ತುಂಬಿದ ಮ್ಯಾಗಜೀನನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದಂತೂ ಬೇಡವೇ ಬೇಡ. ಪ್ರೊಪೇನ್ ಹೊತ್ತಿಕೊಳ್ಳುವ ಅನಿಲ, ಅಡುಗೆ ಸಿಲಿಂಡರಿನ ನೆಂಟ. ಕಡಲ ಬದಿಯ ಉಪ್ಪುಗಾಳಿಗೆ ಒಳಗಿನ ಸ್ಪ್ರಿಂಗುಗಳು ತುಕ್ಕು ಹಿಡಿಯುವ ಕಥೆ ಬೇರೆ. ಮಳೆಗಾಲ ಕಳೆದ ಮೇಲೆ ಮನೆಯ ಬೀಗವೇ ತೆರೆಯದಿರುವ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

100 ಮೀಟರ್ ಗುರಿ ನಿಜವೇ?

ಅಲ್ಲ. ಲೆಕ್ಕ ಹಾಕಿಯೇ ನೋಡಬಹುದು.

ಹಗುರವಾದ, ದುಂಡನೆಯ ಗುಂಡನ್ನು ಗಾಳಿ ಬಹಳ ಬೇಗ ತಡೆಯುತ್ತದೆ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟ 0.20 ಗ್ರಾಂ ಗುಂಡಿಗೆ ಗಾಳಿಯ ತಡೆಯ ಸೂತ್ರ ಹಾಕಿದರೆ, ಸುಮಾರು 26 ಮೀಟರ್ ಹೋಗುವಷ್ಟರಲ್ಲಿ ವೇಗ 37ಕ್ಕೆ ಇಳಿದಿರುತ್ತದೆ. ಶಕ್ತಿ ಏಳರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. 30 ಮೀಟರ್ ತಲುಪಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅರ್ಧ ಸೆಕೆಂಡಿನಲ್ಲಿ ಯಾವುದೇ ವಸ್ತು ಸುಮಾರು 1.2 ಮೀಟರ್ ಕೆಳಗೆ ಬೀಳುತ್ತದೆ. ಮಂಗ ಅಷ್ಟರೊಳಗೆ ಇನ್ನೊಂದು ಗರಿಗೆ ಹಾರಿರುತ್ತದೆ. 100 ಮೀಟರ್ ದೂರಕ್ಕೆ ಗುರಿ ಹಾಗಿರಲಿ, ಗುಂಡೇ ಅಲ್ಲಿಗೆ ಮುಟ್ಟುವುದಿಲ್ಲ.

ಬೀಳುವುದನ್ನು ತಡೆಯಲು ಏರ್‌ಸಾಫ್ಟ್‌ನಲ್ಲಿ ‘ಹಾಪ್-ಅಪ್’ ಎಂಬ ಜಾಣ ಉಪಾಯವಿದೆ. ನಳಿಗೆಯ ಹಿಂಬದಿಯ ಮೇಲ್ಗಡೆ ಒಂದು ರಬ್ಬರ್ ಉಬ್ಬು. ಗುಂಡು ಅದಕ್ಕೆ ತಾಗಿ ಹಿಮ್ಮುಖವಾಗಿ ತಿರುಗುತ್ತಾ ಹೊರಡುತ್ತದೆ, ಆ ತಿರುಗುವಿಕೆ ಅದನ್ನು ಮೇಲಕ್ಕೆ ಎತ್ತುತ್ತದೆ. ಫುಟ್‌ಬಾಲ್‌ನಲ್ಲಿ ಫ್ರೀ ಕಿಕ್ ಗಾಳಿಯಲ್ಲಿ ಬಾಗುವುದೂ ಇದೇ ಕಾರಣಕ್ಕೆ. ಇದರಿಂದ ಗುಂಡು ದೂರ ಹೋಗುತ್ತದೆ, ಆದರೆ ಉಬ್ಬು ಒಂದಿಷ್ಟು ಓರೆಯಾದರೂ ಗುಂಡು ಎಡಕ್ಕೋ ಬಲಕ್ಕೋ ಹೊರಳುತ್ತದೆ. ಮೇಲಾಗಿ ಗುಂಡಿನ ದಪ್ಪ 5.95 ಮಿಲಿಮೀಟರ್ ಇದ್ದರೆ ನಳಿಗೆಯ ಒಳ ಅಳತೆ 6.03ರಿಂದ 6.08. ಆ ಕೂದಲೆಳೆಯ ಸಂದಿನಲ್ಲೇ ಗುಂಡು ಅತ್ತಿತ್ತ ತಾಗಬಹುದು. ಅಗ್ಗದ, ಅಂಚು ಎದ್ದ ಗುಂಡು ಹಾಕಿದರೆ ದುಬಾರಿ ಪಿಸ್ತೂಲೂ ಕೈಕೊಡುತ್ತದೆ.

ಒಳ್ಳೆಯ ಗ್ಯಾಸ್ ಬ್ಲೋಬ್ಯಾಕ್ ಪಿಸ್ತೂಲು 10 ಮೀಟರ್‌ನಲ್ಲಿ ಮೆಚ್ಚುವ ಹಾಗೆ ಹೊಡೆಯುತ್ತದೆ, 20-25 ಮೀಟರ್‌ನಲ್ಲಿ ಆಟದ ಎದುರಾಳಿಯ ಮೈಗೆ ತಾಗಿಸುತ್ತದೆ. ಅದನ್ನು ಮಾಡಿರುವುದೇ ಅಷ್ಟಕ್ಕೆ, ಆ ಅಳತೆಯಲ್ಲಿ ಅದು ಚೆನ್ನಾಗಿಯೇ ಇದೆ. 10 ಮೀಟರ್ ಕಡಿಮೆಯಾಯಿತು ಅನಿಸಿದರೆ ಒಲಿಂಪಿಕ್ಸ್ ನೆನಪಿಸಿಕೊಳ್ಳಿ: ಏರ್ ಪಿಸ್ತೂಲಿನಲ್ಲಿ ಜಗತ್ತಿನ ಅತ್ಯುತ್ತಮರು ಸ್ಪರ್ಧಿಸುವುದು 10 ಮೀಟರ್‌ಗೆ, ಅಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್.

ಇನ್ನು ಮುಂದೆ ಇಂಥ ವಿಡಿಯೊ ಬಂದರೆ ಬಂದೂಕನ್ನು ನೋಡಬೇಡಿ, ಗುರಿಹಲಗೆಯನ್ನು ನೋಡಿ. ದೂರವನ್ನು ಅಳೆದು ತೋರಿಸಿದ್ದಾರೆಯೇ? ಎಷ್ಟು ಗ್ರಾಂನ ಗುಂಡು? ಕೈಯಲ್ಲಿ ಹಿಡಿದು ಹೊಡೆದದ್ದೇ, ಮೇಜಿನ ಮೇಲೆ ಊರಿಯೇ? ಎಲ್ಲಕ್ಕಿಂತ ಮುಖ್ಯ, ಸತತ ಹತ್ತು ಗುಂಡುಗಳನ್ನು ಕತ್ತರಿಸದೆ ತೋರಿಸಿದ್ದಾರೆಯೇ? ಡಬ್ಬಿ ಉರುಳಿದ ಒಂದು ಹೊಡೆತವನ್ನು ಇಟ್ಟುಕೊಂಡು ತಪ್ಪಿದ ಹತ್ತೊಂಬತ್ತನ್ನು ತೆಗೆದುಹಾಕಲು ಮೊಬೈಲಿನಲ್ಲಿ ಒಂದು ನಿಮಿಷ ಸಾಕು.

ಲೈಸೆನ್ಸ್ ಬೇಡ ಎಂಬ ಅರ್ಧ ಸತ್ಯ

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಏರ್‌ಗನ್‌ಗೆ ವಿನಾಯಿತಿ ಇರುವುದು ನಿಜ. ಆದರೆ ಅದಕ್ಕೆ ಎರಡು ಷರತ್ತು: ಶಕ್ತಿ 20 ಜೌಲ್ ಮೀರಬಾರದು, ನಳಿಗೆಯ ಅಳತೆ 4.5 ಮಿಲಿಮೀಟರ್ ಮೀರಬಾರದು. ಏರ್‌ಸಾಫ್ಟ್ ಮೊದಲ ಷರತ್ತಿನಲ್ಲಿ ಸುಲಭವಾಗಿ ಪಾಸಾದರೂ ಅದರ ನಳಿಗೆ 6 ಮಿಲಿಮೀಟರ್. ಜೊತೆಗೆ ನಿಜವಾದ ಬಂದೂಕನ್ನು ಹೋಲುವ ನಕಲಿಗಳ ಬಗ್ಗೆಯೂ ಆ ನಿಯಮಗಳು ಬೇರೆಯಾಗಿ ಮಾತಾಡುತ್ತವೆ. ಆದ್ದರಿಂದ ಏರ್‌ಗನ್‌ನ ವಿನಾಯಿತಿಯನ್ನು ಇದಕ್ಕೆ ಅಂಟಿಸುವಂತಿಲ್ಲ. ಮಾರುವವನ ಮಾತಿನ ಮೇಲೆ ಹಣ ಕಳಿಸುವ ಮೊದಲು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ‘ಕೊಡಗಿನಲ್ಲಿ ಯಾರಿಗೂ ಲೈಸೆನ್ಸ್ ಬೇಡ, ನಮಗೇಕೆ?’ ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಭೂಮಿ ಹೊಂದಿದವರಿಗೆ ಮಾತ್ರ, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ.

ಲೈಸೆನ್ಸ್ ಬೇಡದ ಏರ್‌ಗನ್ ಇದ್ದರೂ ಅದರಿಂದ ಮಂಗನಿಗೆ ಹೊಡೆಯಬಹುದು ಎಂದಾಗುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದೂ ಅದಕ್ಕೆ ಪ್ರಯತ್ನಿಸುವುದೂ ಸೇರುತ್ತದೆ. ಇನ್ನೊಂದು ಮಾತು. ಗಾಯಗೊಂಡ ಮಂಗ ಎಲ್ಲೋ ಹೋಗಿ ಸಾಯುತ್ತದೆ. ಅದರ ಮೈಮೇಲಿನ ಉಣ್ಣೆಗಳು ಆಗ ಬೇರೆ ಆಸರೆ ಹುಡುಕುತ್ತವೆ. 1957ರಲ್ಲಿ ಘಟ್ಟದ ಮೇಲೆ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣೆಯಿಂದಲೇ.

ಅಪಾಯವಿಲ್ಲವೇ?

ಏರ್‌ಸಾಫ್ಟ್ ಗುಂಡು ಬಟ್ಟೆಯ ಮೇಲೆ ಬಿದ್ದರೆ ಚುರ್ ಎನ್ನುತ್ತದೆ, ಬರಿ ಮೈಗೆ ಬಿದ್ದರೆ ಕೆಂಪಗೆ ಬಾತುಕೊಳ್ಳುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯನ್ನೇ ಕಳೆಯಬಹುದು. ಆಟಗಾರರು ಕನ್ನಡಕವಿಲ್ಲದೆ ಮೈದಾನಕ್ಕೆ ಇಳಿಯದಿರುವುದು ಅದಕ್ಕೇ. ಏರ್‌ಗನ್ ವಿಷಯ ಇನ್ನೂ ಗಂಭೀರ. 2025ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನಲ್ಲಿ, ತೋಟದ ಮಂಗ ಓಡಿಸಲೆಂದು ಇದ್ದ ಏರ್‌ಗನ್ ಮಕ್ಕಳ ಕೈಗೆ ಸಿಕ್ಕಿ, ಆಕಸ್ಮಿಕವಾಗಿ ಹಾರಿದ ಪೆಲೆಟ್‌ಗೆ ಒಂಬತ್ತು ವರ್ಷದ ಬಾಲಕ ಬಲಿಯಾದ. ಮುಂದಿನ ತಿಂಗಳ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಕಾರ್ಬೈಡ್ ಗನ್‌ಗಳಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು, ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಪೈಪಿನ ಸಲಕರಣೆಯೂ ಹುಟ್ಟಿದ್ದು ಮಂಗ ಓಡಿಸಲೆಂದೇ.

ಕಣ್ಣಿಗೆ ಪೆಟ್ಟಾದಾಗ ಏನು ಮಾಡಬೇಕೆಂಬುದು ಬಡಿದದ್ದು ಯಾವುದು ಎನ್ನುವುದರ ಮೇಲಿದೆ. ಗುಂಡು ಅಥವಾ ಪೆಲೆಟ್ ತಾಗಿದ್ದರೆ ಉಜ್ಜಬೇಡಿ, ಒತ್ತಬೇಡಿ, ನೀರು ಎರಚಬೇಡಿ. ಎದೆಹಾಲು, ಗುಲಾಬಿ ನೀರು, ಮನೆಯಲ್ಲಿರುವ ಹಳೆಯ ಡ್ರಾಪ್ಸ್ ಯಾವುದೂ ಬೇಡ. ಒಂದು ಕಾಗದದ ಲೋಟದ ತಳವನ್ನು ಕತ್ತರಿಸಿ, ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ನೇರ ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಕಾರ್ಬೈಡ್ ಸಿಡಿದಿದ್ದರೆ ಇದಕ್ಕೆ ತದ್ವಿರುದ್ಧ: ಕಾರ್ಬೈಡ್ ನೀರಿನೊಂದಿಗೆ ಸೇರಿ ಸುಣ್ಣವಾಗಿರುತ್ತದೆ, ಕಣ್ಣನ್ನು ಸುಡುತ್ತಲೇ ಇರುತ್ತದೆ. ಆಗ ಕಾಣುವ ಚೂರುಗಳನ್ನು ಒರೆಸಿ ತೆಗೆದು, ರೆಪ್ಪೆ ತೆರೆದು ಹಿಡಿದು, ಶುದ್ಧ ನೀರು ಹರಿಸುತ್ತಾ ಕನಿಷ್ಠ ಹದಿನೈದು-ಇಪ್ಪತ್ತು ನಿಮಿಷ ತೊಳೆದ ಮೇಲೆಯೇ ಆಸ್ಪತ್ರೆಗೆ ಹೊರಡಬೇಕು. ಎರಡರಲ್ಲೂ ‘ಈಗ ಸರಿ ಕಾಣುತ್ತಿದೆ’ ಎಂದು ಮಗು ಹೇಳಿದರೂ ಅದೇ ದಿನ ತೋರಿಸಿ. ಪೆಟ್ಟಿನಿಂದ ಕಣ್ಣಿನೊಳಗೆ ರಕ್ತ ಇಳಿದಿದ್ದರೆ ಒತ್ತಡ ಏರುವುದು ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ.