ಕಡೂರು, ತರೀಕೆರೆ, ಅಜ್ಜಂಪುರ: ಸಮುದಾಯ ಆಧಾರಿತ ಹವಾಮಾನ ಹೊಂದಾಣಿಕೆಯ ನಿಗಾವಣೆ ಮತ್ತು ಮೌಲ್ಯಮಾಪನದ ಇತಿಹಾಸ

ಹವಾಮಾನದ ಏರುಪೇರಿನಿಂದ ಬದುಕಿಗೆ ಒದಗುವ ಪೆಟ್ಟನ್ನು ತಾಳಿಕೊಳ್ಳಲು ಒಂದು ಊರಿನ ಜನ ತಾವೇ ಕೂಡಿ ಯೋಜಿಸಿ ನಡೆಸುವ ಕೆಲಸಗಳಿಗೆ ಸಮುದಾಯ ಆಧಾರಿತ ಹವಾಮಾನ ಹೊಂದಾಣಿಕೆ ಎಂದು ಹೆಸರು. ಕೆಲಸ ನಡೆಯುತ್ತಿರುವಾಗಲೇ ಅದರ ಗತಿಯನ್ನು ನಿಯತವಾಗಿ ಅಳೆದು ದಾಖಲಿಸುವುದು ನಿಗಾವಣೆ. ಆ ದಾಖಲೆಗಳ ಆಧಾರದ ಮೇಲೆ ಕೆಲಸ ಫಲ ಕೊಟ್ಟಿತೇ, ಯಾರಿಗೆ ಕೊಟ್ಟಿತು, ಯಾವ ಕಾರಣದಿಂದ ಕೊಟ್ಟಿತು ಎಂದು ತೂಗಿ ನೋಡುವುದು ಮೌಲ್ಯಮಾಪನ. ಕರಾವಳಿಯಲ್ಲಿ ಈ ಅಳತೆಗೆ ಕಡಲ್ಕೊರೆತ, ಉಪ್ಪುನೀರಿನ ಒಳನುಗ್ಗುವಿಕೆ ಮತ್ತು ಚಂಡಮಾರುತಗಳು ಆಧಾರವಾದರೆ, ಚಿಕ್ಕಮಗಳೂರು ಜಿಲ್ಲೆಯ ಪೂರ್ವದ ಬಯಲಿನಲ್ಲಿರುವ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಮಳೆಯ ಕೊರತೆ, ಕೆರೆಗಳ ನೀರು ಮತ್ತು ಕೊಳವೆಬಾವಿಗಳ ಆಳ ಆಧಾರವಾಗುತ್ತವೆ. ಎರಡೂ ಕಡೆ ಮೌಲ್ಯಮಾಪಕರು ಎದುರಿಸುವ ಮೂಲ ಪ್ರಶ್ನೆ ಒಂದೇ: ಪ್ರಕೃತಿ ತಾನಾಗಿ ಕೊಟ್ಟ ಒಳ್ಳೆಯ ವರ್ಷದ ಫಲವನ್ನು ಜನರ ಕೆಲಸದ ಫಲದಿಂದ ಬೇರ್ಪಡಿಸುವುದು ಹೇಗೆ?

ಪ್ರದೇಶದ ಸ್ವರೂಪ

ಬಾಬಾಬುಡನ್ ಗಿರಿಶ್ರೇಣಿಯ ಪಶ್ಚಿಮದ ಇಳಿಜಾರುಗಳಲ್ಲಿ ಧಾರಾಳವಾಗಿ ಸುರಿಯುವ ಮುಂಗಾರು, ಶ್ರೇಣಿಯನ್ನು ದಾಟಿ ಪೂರ್ವಕ್ಕೆ ಇಳಿಯುವಷ್ಟರಲ್ಲಿ ಬಹುಪಾಲು ಬರಿದಾಗಿರುತ್ತದೆ. ಕಡೂರಿನ ವಾಡಿಕೆ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ. ತರೀಕೆರೆ ತಾಲ್ಲೂಕಿನ ಪಶ್ಚಿಮ ಭಾಗ ಮಲೆನಾಡಿನ ಅಂಚಿಗೆ ಸೇರಿದ್ದು, ಅಲ್ಲಿಯ ಲಕ್ಕವಳ್ಳಿಯಲ್ಲಿ 1965ರಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯವಿದೆ. ಅದೇ ತಾಲ್ಲೂಕಿಗೆ ಸೇರಿದ್ದು ಈಚೆಗೆ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರವಾದರೋ ಈರುಳ್ಳಿ ಮತ್ತು ಮಳೆಯಾಶ್ರಿತ ಧಾನ್ಯಗಳ ಒಣ ಬಯಲು. ಗಿರಿಗಳಿಂದ ಇಳಿಯುವ ವೇದಾ ಮತ್ತು ಅವತಿ ಎಂಬ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ನೆಲದಡಿಯಲ್ಲಿರುವುದು ಗಟ್ಟಿಶಿಲೆ, ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಮುಂದೆ ಕಾಣುವಂತೆ, ಈ ಭೂರಚನೆ ಇಲ್ಲಿಯ ಮೌಲ್ಯಮಾಪನದ ಅತಿ ದೊಡ್ಡ ತೊಡಕೂ ಹೌದು.

ಹಳೆಯ ವ್ಯವಸ್ಥೆ: ಕೆರೆ ಮತ್ತು ಕಾವಲು

ಸಖರಾಯಪಟ್ಟಣದ ಅಯ್ಯನಕೆರೆ 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಜೀರ್ಣೋದ್ಧಾರಗೊಂಡಿತೆಂಬುದು ಈ ನಾಡಿನ ಹೊಂದಾಣಿಕೆಯ ಪ್ರಾಚೀನತೆಗೆ ಸಾಕ್ಷಿ. ಅಯ್ಯನಕೆರೆಯಂತೆಯೇ ಮದಗದಕೆರೆಯೂ ಗಿರಿಯ ಮಳೆಯನ್ನು ಬಯಲಿನ ಬೆಳೆಗೆ ಉಳಿಸಿಕೊಡುವ ಏರ್ಪಾಡು. ಮಳೆ ಬೀಳುವ ಜಾಗ ಮತ್ತು ನೀರು ಬೇಕಾದ ಜಾಗ ಬೇರೆಬೇರೆ ಎಂಬ ಅರಿವೇ ಇವುಗಳ ಬುನಾದಿ. ಬಿ.ಎಲ್. ರೈಸ್ 1901ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಕೆರೆಯ ನಿರ್ಮಾಣ ಮತ್ತು ರಕ್ಷಣೆಗಾಗಿ ಭೂಮಿಯನ್ನು ಬಿಟ್ಟುಕೊಡುವ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ದತ್ತಿಗಳು ಕನ್ನಡ ಶಾಸನಗಳಲ್ಲಿ ಪರಿಚಿತವಾದವು. ಹೂಳೆತ್ತುವ, ಏರಿ ಗಟ್ಟಿಮಾಡುವ ಖರ್ಚನ್ನು ಕೆರೆಯ ಆದಾಯಕ್ಕೇ ಗಂಟುಹಾಕಿದ್ದರಿಂದ, ಕೆರೆ ಕೆಟ್ಟರೆ ಅದನ್ನು ನೋಡಿಕೊಳ್ಳಬೇಕಾದವನ ಪಾಲೂ ಕುಸಿಯುತ್ತಿತ್ತು. ಫಲಿತಾಂಶಕ್ಕೆ ತಕ್ಕಂತೆ ಹಣ ಬಿಡುಗಡೆ ಮಾಡುವ ಇಂದಿನ ಯೋಜನೆಗಳು ಸಾಧಿಸಲು ಯತ್ನಿಸುತ್ತಿರುವುದೂ ಇದನ್ನೇ.

ದಿನನಿತ್ಯದ ನಿಗಾವಣೆ ನೀರುಗಂಟಿಯ ಕೈಯಲ್ಲಿತ್ತು. ತೂಬು ತೆರೆದು ಮುಚ್ಚುವವನು, ಗದ್ದೆಗದ್ದೆಗೆ ನೀರು ಹಾಯಿಸುವವನು, ಕೋಡಿಯ ಮಟ್ಟಕ್ಕೂ ಅಚ್ಚುಕಟ್ಟಿನ ಬೇಡಿಕೆಗೂ ತಾಳೆ ಹಾಕುವವನು ಆತನೇ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕೆ ಮಾತ್ರ ನೀರು ಬಿಟ್ಟು, ಆ ಭಾಗದಲ್ಲಿ ಎಲ್ಲರಿಗೂ ಪಾಲು ಹಂಚುವ ಪದ್ಧತಿ ದಕ್ಷಿಣ ಕರ್ನಾಟಕದ ಕೆರೆ ಪ್ರದೇಶಗಳಲ್ಲಿತ್ತು. ಅಳತೆಯಾದ ಕೂಡಲೇ ನಿರ್ಧಾರವಾಗುತ್ತಿತ್ತು, ನಿರ್ಧಾರದ ಪರಿಣಾಮವನ್ನು ಅಳೆದವನೂ ಉಣ್ಣುತ್ತಿದ್ದ. ಆದರೆ ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವುದು ತಪ್ಪಾಗುತ್ತದೆ. ಅಚ್ಚುಕಟ್ಟಿನಲ್ಲಿ ಭೂಮಿಯಿಲ್ಲದವರಿಗೆ ಕೆರೆಯ ನೀರಿನಲ್ಲಿ ಮಾತಿರಲಿಲ್ಲ, ನೀರುಗಂಟಿಯ ಕೆಲಸವನ್ನು ಬಹುಮಟ್ಟಿಗೆ ಹೊತ್ತವರು ಜಾತಿಶ್ರೇಣಿಯ ಕೆಳಗಿನವರು.

ದನಕರುಗಳ ಮಟ್ಟಿಗೆ ಅದೇ ಬಗೆಯ ಏರ್ಪಾಡೆಂದರೆ ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ಇಲಾಖೆ ತನ್ನ ಹುಲ್ಲುಗಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಗಳನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತಿತ್ತು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಬರಗಾಲದ ಮೇವಿನ ಆಸರೆಯಾಗಿದ್ದ ಕಾವಲುಗಳು ಕಿರಿದಾದದ್ದನ್ನು ಹೊಂದಾಣಿಕೆಯ ಶಕ್ತಿಯ ನಷ್ಟವೆಂದು ಲೆಕ್ಕ ಹಿಡಿಯಬೇಕಾಗಿತ್ತು. ಜಲಾನಯನದ ಮೌಲ್ಯಮಾಪನಗಳು ಮಣ್ಣು ಮತ್ತು ನೀರಿನ ಮೇಲೆ ನೆಟ್ಟಷ್ಟು ಗಮನವನ್ನು ಇದರ ಮೇಲೆ ನೆಟ್ಟಿಲ್ಲ.

ಬರದ ಲೆಕ್ಕ ಸರ್ಕಾರದ ಕೈಗೆ

1876–78ರ ಮಹಾಕ್ಷಾಮ ಈ ಇತಿಹಾಸದ ದೊಡ್ಡ ತಿರುವು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1880ರ ಕ್ಷಾಮ ಆಯೋಗದ ನಂತರ ಬರವನ್ನು ಗುರುತಿಸಿ ಘೋಷಿಸುವುದು ಆಡಳಿತದ ವಿಧಿಬದ್ಧ ಕರ್ತವ್ಯವಾಯಿತು. ಪೂರ್ಣ ಬೆಳೆಯನ್ನು ಹದಿನಾರಾಣೆ ಎಂದಿಟ್ಟುಕೊಂಡು ಎಷ್ಟಾಣೆ ಬೆಳೆ ಬಂದಿದೆಯೆಂದು ಅಂದಾಜಿಸುವ ಆಣೆವಾರಿ ದೇಶದ ಹಲವು ಭಾಗಗಳಲ್ಲಿ ಬಳಕೆಗೆ ಬಂತು. ಅಂದಾಜಿನ ಅಧಿಕಾರ ಕಂದಾಯ ನೌಕರರದ್ದಾಗಿ, ಬರವನ್ನು ಉಂಡವರು ಅರ್ಜಿದಾರರಾದರು.

ಈ ಅಂದಾಜಿನ ಜಾಗಕ್ಕೆ ಉಪಕರಣಗಳು ಬಂದದ್ದು ಒಂದು ಶತಮಾನದ ಮೇಲೆ. 1988ರಲ್ಲಿ ಕರ್ನಾಟಕ ಸರ್ಕಾರ ಬರ ನಿಗಾವಣೆಯ ಪ್ರತ್ಯೇಕ ಘಟಕವೊಂದನ್ನು ಸ್ಥಾಪಿಸಿತು. 2007ರಲ್ಲಿ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿತು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ ಬೆಳೆಗಾರರಿಗೆ ಪರಿಹಾರ ತೀರ್ಮಾನವಾಗುವುದು ಇಂಥ ಮಾಪಕಗಳ ಅಂಕಿಯಿಂದಲೇ; ಹೀಗಾಗಿ ಮಾಪಕ ಎಲ್ಲಿದೆ, ಸರಿಯಾಗಿದೆಯೇ ಎಂಬುದು ರೈತರ ನೇರ ಹಿತಾಸಕ್ತಿಯ ವಿಷಯವಾಯಿತು. 2016ರ ಕೇಂದ್ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆಯನ್ನು ಮೊದಲ ಸೂಚಕವಾಗಿಟ್ಟು, ಬಿತ್ತನೆಯ ವಿಸ್ತೀರ್ಣ, ಉಪಗ್ರಹ ತೋರುವ ಹಸಿರು, ಮಣ್ಣಿನ ತೇವಾಂಶ, ಜಲಮೂಲಗಳ ಸ್ಥಿತಿ ಇವುಗಳನ್ನು ಪರಿಣಾಮದ ಸೂಚಕಗಳೆಂದು ನಿಗದಿಪಡಿಸಿ, ಆಯ್ದ ಊರುಗಳ ಹೊಲಗಳಲ್ಲಿ ಖುದ್ದು ಪರಿಶೀಲನೆಯನ್ನೂ ಕಡ್ಡಾಯ ಮಾಡಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದದ್ದು ಈ ಕ್ರಮದಂತೆಯೇ. ಆದರೂ ಇದು ಅಳೆಯುವುದು ಅಪಾಯವನ್ನು. ಊರು ಅಪಾಯವನ್ನು ಎಷ್ಟು ತಾಳಿಕೊಂಡಿತು ಎಂಬುದು ಇದರ ಪರಿಧಿಯಾಚೆ ಉಳಿಯುತ್ತದೆ.

ಜಲಾನಯನದಿಂದ ಅಟಲ್ ಭೂಜಲದವರೆಗೆ

ಒಂದು ಹಳ್ಳಕ್ಕೆ ನೀರು ಹರಿದು ಬರುವ ಇಡೀ ನೆಲವೇ ಜಲಾನಯನ. ಅದನ್ನು ಘಟಕವಾಗಿಟ್ಟುಕೊಂಡು ಬದು, ಚೆಕ್ ಡ್ಯಾಂ, ಇಂಗುಗುಂಡಿಗಳನ್ನು ಕಟ್ಟುವ ಕಾರ್ಯಕ್ರಮ ಕರ್ನಾಟಕದಲ್ಲಿ 1980ರ ದಶಕದಲ್ಲಿ ವ್ಯಾಪಕವಾಯಿತು. ಹನುಮಂತರಾವ್ ಸಮಿತಿಯ ವರದಿಯ (1994) ನಂತರ ಜನರ ಸಂಘಗಳೇ ಅದರ ಹೊಣೆ ಹೊರಬೇಕೆಂಬ ತತ್ವ ಒಪ್ಪಿತವಾಯಿತು; 2008ರ ಸಾಮಾನ್ಯ ಮಾರ್ಗಸೂಚಿ ಯೋಜನಾ ವೆಚ್ಚದ ಶೇ. 1ನ್ನು ನಿಗಾವಣೆಗೂ ಶೇ. 1ನ್ನು ಮೌಲ್ಯಮಾಪನಕ್ಕೂ ತೆಗೆದಿರಿಸಿತು. ವಿಶ್ವಬ್ಯಾಂಕಿನ ನೆರವಿನಿಂದ 2001ರಲ್ಲಿ ಐದು ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಯೋಜನೆ ಈ ಕ್ಷೇತ್ರದಲ್ಲಿ ಹೊಸ ದಾರಿ ತೆರೆಯಿತು. ಅದರ ಮೌಲ್ಯಮಾಪನವನ್ನು ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಸಂಸ್ಥೆಗೆ ವಹಿಸಿದ್ದರಿಂದ, ಉಪಗ್ರಹ ಚಿತ್ರಗಳು ಮತ್ತು ಮನೆಮನೆಯ ಸಮೀಕ್ಷೆ ಒಂದೇ ಲೆಕ್ಕದಲ್ಲಿ ಕೂಡಿದವು. ಚಿಕ್ಕಮಗಳೂರು ಜಿಲ್ಲೆ ಆ ಮೊದಲ ಐದರಲ್ಲಿರಲಿಲ್ಲ. 2012ರಲ್ಲಿ ಆರಂಭವಾದ ಸುಜಲ–3ಕ್ಕೆ ಅದು ಸೇರಿದ ಮೇಲೆ ಹೊಲದ ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ನೀರು ಹಿಡಿಯುವ ಶಕ್ತಿಗಳನ್ನು ದಾಖಲಿಸುವ ಭೂಸಂಪನ್ಮೂಲ ಸಮೀಕ್ಷೆ ಇಲ್ಲಿಗೂ ಬಂತು. ಕೆಲಸಕ್ಕೆ ಮುಂಚಿನ ಸ್ಥಿತಿಯ ದಾಖಲೆಯಿಲ್ಲದೆ ಕೆಲಸದ ಫಲವನ್ನು ಹೇಳಲು ಬಾರದು. ಆ ದೃಷ್ಟಿಯಿಂದ ಇದರ ಬೆಲೆ ದೊಡ್ಡದು.

2014ರ ಕೃಷಿಭಾಗ್ಯ ಯೋಜನೆಯ ಕೃಷಿಹೊಂಡಗಳ ವಿಷಯದಲ್ಲಿ ಮತ್ತೊಂದು ಕೊರತೆ ಎದ್ದು ಕಾಣುತ್ತದೆ. ಎಷ್ಟು ಹೊಂಡ ತೋಡಲಾಯಿತು ಎಂಬುದನ್ನು ಎಣಿಸುವುದು ಸುಲಭ. ಹೊಂಡ ತುಂಬಿದ್ದು ಹೊಲದ ಮಳೆನೀರಿನಿಂದಲೋ ಕೊಳವೆಬಾವಿಯಿಂದ ಎತ್ತಿದ ನೀರಿನಿಂದಲೋ, ಬೆಳೆ ಒಣಗುವ ಎರಡು ವಾರದಲ್ಲಿ ಅದು ಒಂದು ತೇವ ಕೊಟ್ಟಿತೋ ಇಲ್ಲವೋ ಎಂಬುದನ್ನು ಆ ಎಣಿಕೆ ಹೇಳುವುದಿಲ್ಲ. ಮಾಡಿದ್ದನ್ನು ಎಣಿಸಿ ಆದದ್ದನ್ನು ಬಿಡುವ ಈ ರೂಢಿ ಹೊಂದಾಣಿಕೆಯ ಕೆಲಸವನ್ನೇ ದುರ್ಬಲಗೊಳಿಸಿದೆ.

2019ರ ಡಿಸೆಂಬರ್ 25ರಂದು ಘೋಷಿತವಾದ ಅಟಲ್ ಭೂಜಲ ಯೋಜನೆ ಈ ರೂಢಿಯನ್ನು ಮುರಿಯಲೆಂದೇ ರೂಪುಗೊಂಡದ್ದು. ಕೇಂದ್ರ ಸರ್ಕಾರ ಮತ್ತು ವಿಶ್ವಬ್ಯಾಂಕಿನ ಸಮಪಾಲಿನ 6,000 ಕೋಟಿ ರೂಪಾಯಿಗಳ ಈ ಯೋಜನೆ ಏಳು ರಾಜ್ಯಗಳ ಅಂತರ್ಜಲ ಬತ್ತಿದ ಪ್ರದೇಶಗಳನ್ನು ಆಯ್ದುಕೊಂಡಿತು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದು; ಅಲ್ಲಿ ಯೋಜನೆಯ ನೆಲೆ ಈ ಬಯಲು ಭಾಗವೇ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಮಳೆ, ಇಂಗುವಿಕೆ ಮತ್ತು ಬಳಕೆಯ ಜಮಾಖರ್ಚನ್ನು, ಅಂದರೆ ನೀರಿನ ಆಯವ್ಯಯವನ್ನು, ಬರೆದು ಅದರ ಮೇಲೆ ಜಲಭದ್ರತಾ ಯೋಜನೆ ರೂಪಿಸಬೇಕು. ಬಾವಿಯ ನೀರಿನ ಮಟ್ಟವನ್ನು ತರಬೇತಿ ಪಡೆದ ಊರಿನವರೇ ಅಳೆದು ಬಹಿರಂಗಪಡಿಸಬೇಕು. ರಾಜ್ಯಕ್ಕೆ ಪ್ರೋತ್ಸಾಹಧನ ಸಲ್ಲುವುದು ಐದು ಫಲಸೂಚಕಗಳ ಆಧಾರದ ಮೇಲೆ: ಅಂತರ್ಜಲದ ಮಾಹಿತಿಯನ್ನು ಜನರ ಮುಂದಿಡುವುದು, ಜಲಭದ್ರತಾ ಯೋಜನೆ ಸಿದ್ಧಪಡಿಸುವುದು, ಉದ್ಯೋಗ ಖಾತರಿಯಂಥ ಇತರ ಯೋಜನೆಗಳ ಹಣವನ್ನು ಅದಕ್ಕೆ ಜೋಡಿಸುವುದು, ನೀರಿನ ಮಿತಬಳಕೆಯ ಪದ್ಧತಿಗಳನ್ನು ಅಳವಡಿಸುವುದು, ಅಂತರ್ಜಲದ ಕುಸಿತದ ವೇಗ ತಗ್ಗುವುದು. ಹಣದ ಅತಿ ದೊಡ್ಡ ಪಾಲನ್ನು ಮಿತಬಳಕೆಗೆ ಇಟ್ಟದ್ದು ವಿವೇಕದ ನಿರ್ಧಾರ. ಅಡಿಕೆ ಮತ್ತು ತೆಂಗು ಹಬ್ಬುತ್ತಿರುವ ಕಡೂರಿನಲ್ಲಿ ನೀರು ಇಂಗಿಸಿದಷ್ಟೇ ಮುಖ್ಯವಾದದ್ದು ನೀರನ್ನು ಎತ್ತದಿರುವುದು. ಹನಿ ನೀರಾವರಿಯಿಂದ ಉಳಿದ ನೀರು ತೋಟದ ವಿಸ್ತರಣೆಗೆ ಹೋದರೆ ಉಳಿತಾಯ ಕಾಗದದ ಮೇಲೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ಹನಿ ಕೊಳವೆ ಹಾಕಿದ ಎಕರೆಗಳ ಜೊತೆಗೆ ಒಟ್ಟು ತೋಟದ ವಿಸ್ತೀರ್ಣವನ್ನೂ ಅಳೆಯದೆ ಈ ಸೂಚಕ ಪೂರ್ಣವಾಗದು.

ಮೌಲ್ಯಮಾಪನದ ತೊಡಕುಗಳು

ಗಟ್ಟಿಶಿಲೆಯ ನೆಲದಲ್ಲಿ ಬಾವಿಯ ಮಟ್ಟ ಮೋಸಗೊಳಿಸಬಲ್ಲದು. ಶಿಥಿಲಗೊಂಡ ಶಿಲೆಯ ಪದರ ತನ್ನ ಗಾತ್ರದ ಶೇ. 1.5ರಿಂದ 3ರಷ್ಟು ನೀರನ್ನು ಮಾತ್ರ ಬಿಟ್ಟುಕೊಡುತ್ತದೆಂದು ಅಂತರ್ಜಲ ಅಂದಾಜಿನ ರಾಷ್ಟ್ರೀಯ ವಿಧಾನ ಎಣಿಸುತ್ತದೆ. ಹಾಗೆಂದರೆ ಮಟ್ಟ 1 ಮೀಟರ್ ಏರಿತೆಂದು ಹಿಗ್ಗಿದಾಗಲೂ ನಿಜವಾಗಿ ಸೇರಿದ ನೀರು 15ರಿಂದ 30 ಮಿ.ಮೀ. ಅಷ್ಟೇ, ಒಂದು ಜೋರು ಮಳೆಯಲ್ಲಿ ಏರಿದ್ದು ಒಂದು ಬೇಸಿಗೆಯ ಪಂಪಿನಲ್ಲಿ ಇಳಿಯುತ್ತದೆ. ಒಂದು ಬಿರುಕಿನ ಮೇಲೆ ಕೊರೆದ ಬಾವಿಯಲ್ಲಿ ನೀರಿದ್ದು, ಪಕ್ಕದ ಹೊಲದ ಬಾವಿ ಬರಿದಾಗಿರುವುದು ಇಲ್ಲಿ ಸಾಮಾನ್ಯ. ಒಂದೆರಡು ವೀಕ್ಷಣಾ ಬಾವಿಗಳಿಂದ ಇಡೀ ಪಂಚಾಯಿತಿಯ ಸ್ಥಿತಿಯನ್ನು ಹೇಳಲಾಗದು.

ಯಾವ ಕಾರಣಕ್ಕೆ ಯಾವ ಫಲ ಎಂಬ ಪ್ರಶ್ನೆ ಇನ್ನೂ ಜಟಿಲ. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಅದಕ್ಕೆ ವೇದಾವತಿಯ ಕಣಿವೆಯಲ್ಲಿ ಬಿದ್ದ ಭಾರಿ ಮಳೆಯೂ ಕಾರಣ, ಭದ್ರಾ ಮೇಲ್ದಂಡೆ ಯೋಜನೆಯಡಿ ಶಾಂತಿಪುರ ಮತ್ತು ಬೆಟ್ಟದತಾವರೆಕೆರೆಯ ಪಂಪ್‌ಹೌಸುಗಳಿಂದ ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಹರಿಸಿದ ನೀರೂ ಕಾರಣ. ಭದ್ರೆಯಿಂದ 29.90 ಟಿಎಂಸಿ ನೀರನ್ನು ಬಳಸಿ 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವ, 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವ ಗುರಿಯ ಈ ಯೋಜನೆ ಸಮುದಾಯದ ಕೆಲಸವಲ್ಲ. ಆದರೆ ಅದರ ನೀರು ಬಂದ ಕೆರೆಯ ಸುತ್ತಣ ಬಾವಿಗಳಲ್ಲಿ ಮಟ್ಟ ಏರಿದಾಗ, ಊರಿನವರು ತೆಗೆದ ಹೂಳಿನ ಪಾಲೆಷ್ಟು, ಕಾಲುವೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಮಳೆಗೆ ಹೋಲಿಸಿ ಮಟ್ಟವನ್ನು ಓದುವುದು ಮತ್ತು ಕೆಲಸ ನಡೆಯದ ಅಂಥದೇ ಊರಿನೊಡನೆ ತೂಗುವುದು ಇದಕ್ಕಿರುವ ಎರಡು ದಾರಿಗಳು. ಎಲ್ಲಕ್ಕಿಂತ ನಂಬಲರ್ಹವಾದ ಪರೀಕ್ಷೆ ಕೆಟ್ಟ ವರ್ಷವೇ. ತೆಂಗಿನ ತೋಟಗಳು ನಿಂತಲ್ಲೇ ಒಣಗಿದ 2016–17ರಲ್ಲಿ ಮತ್ತು 2023ರಲ್ಲಿ ಯಾವ ಊರಿಗೆ ಟ್ಯಾಂಕರ್ ತಡವಾಗಿ ಬೇಕಾಯಿತು, ಯಾವ ಮನೆ ದನ ಮಾರಲಿಲ್ಲ, ಯಾರು ಗುಳೆ ಹೋಗಲಿಲ್ಲ ಎಂಬ ದಾಖಲೆ, ಮಳೆ ತುಂಬಿದ ವರ್ಷಗಳ ಹತ್ತು ವರದಿಗಳಿಗಿಂತ ಹೆಚ್ಚು ಹೇಳುತ್ತದೆ.

ಈ ಬಗೆಯ ಪ್ರಶ್ನೆಗಳನ್ನು ಜನರೇ ಎತ್ತುವ ವಿಧಾನಕ್ಕೆ ಜಗತ್ತಿನಲ್ಲಿ ಒಂದು ಪರಂಪರೆ ಬೆಳೆದಿದೆ. ಅಂತಾರಾಷ್ಟ್ರೀಯ ನೆರವು ಸಂಸ್ಥೆಯಾದ ಕೇರ್ 2012ರಲ್ಲಿ ಹೊರತಂದ ಕೈಪಿಡಿ, ಸೂಚಕಗಳನ್ನು ಆಯುವ ಮತ್ತು ಬದಲಿಸುವ ಅಧಿಕಾರ ಸಮುದಾಯಕ್ಕಿರಬೇಕೆಂದು ವಾದಿಸಿತು. 2015ರ ಪ್ಯಾರಿಸ್ ಒಪ್ಪಂದದ ಏಳನೆಯ ವಿಧಿ ಹೊಂದಾಣಿಕೆಯ ನಿಗಾವಣೆ ಮತ್ತು ಮೌಲ್ಯಮಾಪನವನ್ನು ದೇಶಗಳ ಕೆಲಸಗಳಲ್ಲಿ ಸೇರಿಸಿತು. ಇಲ್ಲಿಯ ಊರುಗಳಿಗೆ ಹೆಚ್ಚು ಹತ್ತಿರವಾದ ಸಾಧನವೆಂದರೆ 2005ರ ಉದ್ಯೋಗ ಖಾತರಿ ಕಾಯ್ದೆಯ 17ನೆಯ ಕಲಮು ತಂದ ಸಾಮಾಜಿಕ ಪರಿಶೋಧನೆ: ಹಳ್ಳಕ್ಕೆ ಕಟ್ಟಿದ ಒಡ್ಡಿನ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಿಸಿ ಪ್ರಶ್ನಿಸುವ ಕಾನೂನುಬದ್ಧ ಹಕ್ಕು ಅದರಿಂದ ಭೂಮಿಯಿಲ್ಲದ ಕೂಲಿಕಾರರಿಗೂ ದೊರೆಯಿತು. ಹಳೆಯ ಕೆರೆವ್ಯವಸ್ಥೆ ಅವರಿಗೆ ಕೊಡದಿದ್ದ ಮಾತು ಅದು.

ಅಂಕಿಅಂಶಗಳ ಗಡಿ ಒಂದು ಪ್ರತ್ಯೇಕ ಸಮಸ್ಯೆ. ಅಜ್ಜಂಪುರ ತರೀಕೆರೆಯ ಭಾಗವಾಗಿದ್ದ ಕಾಲದ ತಾಲ್ಲೂಕು ಸರಾಸರಿಗಳಲ್ಲಿ ಮಲೆನಾಡಿನಂಚಿನ ಮಳೆಯೂ ಒಣಬಯಲಿನ ಮಳೆಯೂ ಬೆರೆತಿವೆ. ಲಕ್ಕವಳ್ಳಿಯಲ್ಲಿ ಸುರಿದದ್ದು ಅಜ್ಜಂಪುರದ ಬಯಲಿನ ಶಿವನಿಯ ಕೊರತೆಯನ್ನು ಮುಚ್ಚಿಡುತ್ತಿತ್ತು. ಹೊಸ ತಾಲ್ಲೂಕಿನ ಇಂದಿನ ಅಂಕಿಗಳನ್ನು ಹಳೆಯವುಗಳೊಡನೆ ಹೋಲಿಸಬೇಕಾದರೆ ಹೋಬಳಿ ಮಳೆಮಾಪಕಗಳ ಹಾಗೂ ಗ್ರಾಮವಾರು ಬೆಳೆದಾಖಲೆಗಳ ಮಟ್ಟಕ್ಕೆ ಇಳಿದು ಸರಣಿಯನ್ನು ಮರುಜೋಡಿಸಬೇಕಾಗುತ್ತದೆ. ಪಂಚಾಯಿತಿಗಳ ನೀರಿನ ಆಯವ್ಯಯಕ್ಕೆ ಆಧಾರವಾಗಬೇಕಾದದ್ದೂ ಈ ಮರುಜೋಡಿಸಿದ ಸರಣಿಯೇ.